ಹಳದಿ ಬಳಿದ ಹೆಸರು

ನಾನು ಒಂದು ಎಕ್ಸೆಲ್ ಶೀಟು. ತಿಂಗಳು ತಿಂಗಳೂ ರಕ್ತ ಹಾಕಿಸಿಕೊಂಡೇ ಬದುಕಬೇಕಾದ ಮಕ್ಕಳಿಗೆಂದು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ವಿಭಾಗವಿದೆ, ಅಲ್ಲಿ ಹುಟ್ಟಿದೆ. ನನ್ನನ್ನು ಹೆತ್ತವರು ಸುಗುಣಾ ಸಿಸ್ಟರ್. ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ, ಒಂದೊಂದು ಮಗುವಿಗೆ ಒಂದೊಂದು ಸಾಲು ಕೊಟ್ಟರು: ಹೆಸರು, ರಕ್ತದ ಗುಂಪು, ಮನೆಯವರ ಫೋನು, ಮುಂದೆ ಬರಬೇಕಾದ ದಿನ. ಒಂದು ಚೌಕ ತಪ್ಪಿದರೂ ಒಂದು ಮಗುವಿಗೆ ಆಪತ್ತು. ಹಾಗಾಗಿ ನಾನು ಹುಟ್ಟಾ ಅಂಜುಬುರುಕ.

ಸಿಸ್ಟರಿಗೆ ಬರೆಯುವುದಕ್ಕಿಂತ ಬಣ್ಣ ಹಚ್ಚುವುದೇ ಇಷ್ಟ. ಯಾವ ಮಗು ಬಿಳುಚಿಕೊಂಡಿದೆಯೋ, ಯಾವುದನ್ನು ಹೇಳಿದ ದಿನಕ್ಕಿಂತ ಮೊದಲೇ ಕರೆಸಬೇಕೋ, ಆ ಸಾಲಿಗೆ ಹಳದಿ ಬಳಿಯುತ್ತಿದ್ದರು. ಬೆಳಗ್ಗೆ ನನ್ನನ್ನು ತೆರೆದು, ಹಳದಿ ಕಂಡಲ್ಲೆಲ್ಲ ಫೋನು ಮಾಡುತ್ತಿದ್ದರು. ಅದರ ಅರ್ಥ ಅವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಮೂರನೆಯವರಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ.

ಮಕ್ಕಳು ಹೆಚ್ಚಾದರು, ನಾನು ಉದ್ದವಾದೆ. ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಇಮ್ತಿಯಾಜ್ ನದಾಫ್ ಒಂದು ದಿನ ಬಂದ. ಒಳ್ಳೆಯ ಮನುಷ್ಯ, ಕೈ ಚುರುಕು.

"ಇಷ್ಟೆಲ್ಲಾ ಕಣ್ಣಾಗ ಹುಡುಕೂದ್ಯಾಕ್ರಿ ಸಿಸ್ಟರ್? ನಾ ಒಂದು ಕೋಡ್ ಬರದು ಕೊಡ್ತೀನಿ. ಯಾರಿಗೆ ಫೋನ್ ಮಾಡ್ಬೇಕು, ಯಾವ ರಕ್ತ ತರಿಸಬೇಕು, ದಿನಾ ಮುಂಜಾನೆ ಅದ ಪಟ್ಟಿ ತಗದು ಇಡ್ತೈತಿ."

"ದೇವರು ಬಂದಂಗ ಬಂದಿ ನೋಡಪಾ," ಎಂದರು ಸಿಸ್ಟರ್.

ಕೋಡ್ ನನ್ನೊಳಗೆ ಓಡಾಡಿದಾಗ ಮೈ ಜುಮ್ಮೆಂದಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ತಾರೀಖು ಓದಿ ಪಟ್ಟಿ ಕೊಟ್ಟೇಬಿಟ್ಟಿತು. ಆದರೆ ಪಟ್ಟಿಯಲ್ಲಿ ಹಳದಿ ಸಾಲು ಇರಲಿಲ್ಲ. ಅಯ್ಯೋ, ಇದಕ್ಕೆ ಅಕ್ಷರ ಕಾಣುತ್ತದೆ, ಅಂಕಿ ಕಾಣುತ್ತದೆ, ಬಣ್ಣ ಕಾಣುವುದಿಲ್ಲ!

ಹಳದಿ ಸಾಲಿನಲ್ಲಿದ್ದವಳು ಪಾರು, ಕುಂದಗೋಳದ ದ್ಯಾಮವ್ವನ ಪುಟ್ಟ ಮಗಳು, ಬಿ ನೆಗೆಟಿವ್. ಜ್ವರ ಬಂದು ಸೊರಗಿದ್ದಳು, ಬೇಗ ಕರೆಸಬೇಕಿತ್ತು. ಆದರೆ ತಾರೀಖಿನ ಚೌಕದಲ್ಲಿ ಮೊದಲು ಬರೆದಿದ್ದ ದೂರದ ದಿನವೇ ಇತ್ತು, ಹೀಗಾಗಿ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಸಿಸ್ಟರ್ ಈಗ ಪಟ್ಟಿ ಮಾತ್ರ ನೋಡುತ್ತಿದ್ದರು. ಇವತ್ತು ನನ್ನನ್ನು ತೆರೆದಾರು, ನಾಳೆ ತೆರೆದಾರು ಎಂದು ಒದ್ದಾಡಿದೆ. ಬಾಯಿಲ್ಲದವನ ಪಾಡು ಯಾರಿಗೂ ಬೇಡ.

ಫೋನಿಗೆ ಕಾದು ಕಾದು, ಕೊನೆಗೆ ದ್ಯಾಮವ್ವ ತಾನೇ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಪಾರುವಿನ ತುಟಿ ಸುಣ್ಣದ ಹಾಗಿತ್ತು.

"ಫೋನ್ ಮಾಡ್ತೀನಿ ಅಂದಿದ್ರಲ್ರಿ ಅಕ್ಕಾರ? ಕೂಸು ಮ್ಯಾಲೇಳವಲ್ತು."

ಸಿಸ್ಟರ್ ನನ್ನನ್ನು ತೆರೆದರು. ಹಳದಿ ಕಂಡದ್ದೇ ನದಾಫನನ್ನು ಕೂಗಿ ಕರೆದರು. "ಇಮ್ತಿಯಾಜ್, ಹಳದಿ ಹಚ್ಚಿದ್ನಲ್ಲಪಾ! ಪಟ್ಟಿಯೊಳಗ ಯಾಕ ಬಂದಿಲ್ಲ?"

"ಹಳದಿ ಅಂದ್ರ ಏನ್ರಿ?" ಎಂದ ಅವನು.

ಪಟ್ಟಿಯಲ್ಲಿ ಇಲ್ಲದ್ದರಿಂದ ಬಿ ನೆಗೆಟಿವ್ ರಕ್ತವನ್ನೂ ತರಿಸಿರಲಿಲ್ಲ. ಧಾರವಾಡದಿಂದ ಬರಬೇಕು. ಸಿಸ್ಟರ್ ಫೋನು ಹಿಡಿದರು, ನದಾಫ್ ಬೈಕ್ ಹತ್ತಿ ಹೋದ. ತೆರೆದೇ ಇದ್ದ ನಾನು ಪರದೆಯ ಮೇಲಿಂದ ತಾಯಿ ಮಗು ಕೂತಿದ್ದ ಬೆಂಚನ್ನೇ ನೋಡುತ್ತಿದ್ದೆ. ದ್ಯಾಮವ್ವ ಮಗುವಿನ ಮೂಗಿನ ಬಳಿ ಮತ್ತೆ ಮತ್ತೆ ಬೆರಳಿಟ್ಟು ನೋಡುತ್ತಿದ್ದಳು. ಕೊನೆಗೂ ನದಾಫ್ ರಕ್ತದ ಪೆಟ್ಟಿಗೆ ಅಪ್ಪಿಕೊಂಡು ಓಡಿ ಬಂದ. ಸಂಜೆ ಪಾರು ಕಣ್ಣು ಬಿಟ್ಟು ಬಿಸ್ಕತ್ತು ಕೇಳಿದಾಗ, ಅವನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟ.

ಮರುದಿನ ನನಗೆ 'ಬೇಗ ಕರೆಯಿರಿ' ಎಂಬ ಹೊಸ ಕಾಲಂ ಬಂತು. ಕೋಡ್ ಅದನ್ನು ಓದಲು ಕಲಿಯಿತು. ಸಿಸ್ಟರ್ ಅಲ್ಲಿ 'ಹೌದು' ಎಂದು ಬರೆದ ಮೇಲೂ ಹಳದಿ ಬಳಿಯುವುದನ್ನು ಬಿಡಲಿಲ್ಲ. ಅದನ್ನು ಕಂಡು ನದಾಫ್ ನಗಲಿಲ್ಲ.

ಈಗ ನಾನು ಮುದುಕ. ಸಿಸ್ಟರ್ ನಿವೃತ್ತರಾದರು, ಹೊಸ ಸಾಫ್ಟ್‌ವೇರ್ ಬಂತು. ನನ್ನಲ್ಲಿದ್ದುದನ್ನೆಲ್ಲ ಅದಕ್ಕೆ ಸಾಗಿಸುತ್ತಿದ್ದ ನದಾಫ್, ಪಾರುವಿನ ಹೆಸರಿನ ಬಳಿ ಥಟ್ಟನೆ ನಿಂತ. ಅದಕ್ಕೆ ಹಸಿರು ಬಣ್ಣವಿತ್ತು. ಕೂಡಲೇ ಫೋನು ಹಚ್ಚಿದ.

"ಸಿಸ್ಟರ್, ಪಾರೂನ ಹೆಸರಿಗೆ ಹಸಿರು ಹಚ್ಚೀರಿ. ಹಸಿರು ಅಂದ್ರ ಏನ್ರಿ?"

ಆಚೆಯಿಂದ ನಗು ಕೇಳಿತು. "ಅದ? ಆಕಿ ಸಾಲ್ಯಾಗ ಒಂದನೇತ್ತಾ ಪಾಸಾದ್ಲು ಅಂತ ಅವರವ್ವ ಪೇಢಾ ತಂದಿದ್ಲು. ಖುಷಿ ಆತು, ಹಚ್ಚಿಬಿಟ್ಟೆ."

ಹೊಸ ಸಾಫ್ಟ್‌ವೇರಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ನದಾಫ್ ಸ್ವಲ್ಪ ಹೊತ್ತು ಹುಡುಕಿದ. ಆಮೇಲೆ ನನ್ನನ್ನು ಅಳಿಸದೆ 'ಹಳೆಯದು' ಎಂಬ ಫೋಲ್ಡರಿನಲ್ಲಿಟ್ಟ. ಇಲ್ಲಿ ಯಾರೂ ನನ್ನನ್ನು ತೆರೆಯುವುದಿಲ್ಲ. ಆ ಹೊಸ ಸಾಫ್ಟ್‌ವೇರಿನಲ್ಲಿ ಯಾವ ಮಗುವಿನ ಹೆಸರು ಪಟ್ಟಿಗೆ ಬಾರದೆ ಉಳಿಯಿತೋ ಎಂಬ ಭಯ ಇಂದಿಗೂ ಹೋಗಿಲ್ಲ. ಭಯ ಹೆಚ್ಚಾದಾಗ ಆ ಹಸಿರು ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತೇನೆ. ಇದೆ.