ಮೈ ತಾಗದ ಆಟ

ಶವಪೆಟ್ಟಿಗೆ ಅಂಗಳ ದಾಟುವಷ್ಟರಲ್ಲಿ ವಿಶ್ವೇಶ ಎರಡು ಸಲ ಹಿಂದೆ ಸರಿದಿದ್ದ. ಹೆಗಲು ಕೊಡಲು ಅವನು ಮುಂದೆ ಹೋದಾಗಲೆಲ್ಲ ಅಗಲ ಬೆನ್ನಿನವನೊಬ್ಬ ನಡುವೆ ನುಗ್ಗುತ್ತಿದ್ದ. ಇವನು ‘ಸಾರಿ’ ಎಂದು ದಾರಿ ಬಿಡುತ್ತಿದ್ದ. ಗೇಟಿನ ಬಳಿ ನಿಂತಿದ್ದ ಅವನ ತಾಯಿ ನೀರಜಾಕ್ಷಿ ಟೀಚರ್ ಅದನ್ನು ನೋಡಿ ತಲೆ ತಗ್ಗಿಸಿದರು.

ಫುಟ್‌ಬಾಲ್ ಕೋಚ್ ಕಜೆಟನ್ ಸರ್ ತೀರಿಹೋಗಿದ್ದರು. ಬಿಜೈಯ ಮನೆಯಿಂದ, ಪಾದ್ರಿಗಳು ಕಾಯುತ್ತಿದ್ದ ಇಗರ್ಜಿಗೆ ವ್ಯಾನ್ ಬೇಡ, ನಾವೇ ಹೊರುತ್ತೇವೆ ಎಂದು ಹಳೆಯ ಆಟಗಾರರು ಹಟ ಹಿಡಿದಿದ್ದರು. ಸರದಿ ಗಿರದಿ ಏನಿಲ್ಲ, ನುಗ್ಗಿದವನಿಗೆ ಜಾಗ.

“ಒಮ್ಮೆಯಾದ್ರೂ ಅವರನ್ನು ಹೊರಬೇಕು ಅಮ್ಮ,” ಎಂದು ಬೆಳಿಗ್ಗೆ ವಿಶ್ವೇಶ ಹೇಳಿದ್ದ. “ಅವತ್ತು ಅವರು ನನ್ನನ್ನು ಹೊತ್ತಿದ್ರಲ್ಲ.”

ಇಷ್ಟು ವಯಸ್ಸಾದರೂ ಅವನು ಏನನ್ನೂ ಹೀಗೆ ಗಟ್ಟಿಯಾಗಿ ಬೇಕೆಂದವನಲ್ಲ. ಹಂಪನಕಟ್ಟೆಯಲ್ಲಿ ಎಲ್ಲರೂ ಹತ್ತಲಿ ಎಂದು ಕಾದು ಬಸ್ಸನ್ನೇ ಕಳೆದುಕೊಳ್ಳುವ ಪ್ರಾಣಿ. ಆಫೀಸಿನವರು ‘ಪಾಪದವ’ ಎಂದು ಹೊಗಳಿ, ಪ್ರಮೋಷನ್ನನ್ನು ಬೇರೆಯವರಿಗೆ ಕೊಡುತ್ತಿದ್ದರು.

ಕಜೆಟನ್ ಅವರ ಹೆಂಡತಿ ಅಪೊಲೋನಿಯಾ ಪೆಟ್ಟಿಗೆಯ ಹಿಂದೆ ನಡೆಯುತ್ತ ನೀರಜಾಕ್ಷಿಯ ಕೈ ಹಿಡಿದುಕೊಂಡರು. “ನೀವು ಬಂದದ್ದು ಒಳ್ಳೇದಾಯ್ತು.”

“ನನ್ನ ಮೇಲೆ ಅವರಿಗೆ ತುಂಬ ಕೋಪ ಇತ್ತಾ?”

“ಕೋಪ ಎಂತದು? ‘ತಾಯಿ ಅಲ್ವಾ’ ಅಂತ ಹೇಳ್ತಿದ್ರು, ಅಷ್ಟೆ.”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ನೀರಜಾಕ್ಷಿಗೆ.

*

ವಿಶ್ವೇಶನಿಗೆ ಆಗ ಹನ್ನೆರಡು ವರ್ಷ. ಬಲ್ಮಠದ ಅವನ ಶಾಲೆಯ ಫುಟ್‌ಬಾಲ್ ತಂಡದೆದುರು ಆಡಲು ಊರಿನ ಮಕ್ಕಳು ಹೆದರುತ್ತಿದ್ದ ಕಾಲ. ಕಜೆಟನ್ ಎಂದರೆ ಜಿಲ್ಲೆಗೇ ದೊಡ್ಡ ಹೆಸರು.

“ಭುಜಕ್ಕೆ ಭುಜ ಕೊಡು. ಕೈ ಎತ್ತಬೇಡ, ಕಾಲು ಅಡ್ಡ ಹಾಕಬೇಡ. ಆದ್ರೆ ಜಾಗ ಬಿಡಬೇಡ,” ಎನ್ನುವುದು ಅವರ ಪಾಠ.

ಒಂದು ಸಂಜೆ ಆಶಿಕ್ ಎಂಬ ದಾಂಡಿಗ ಹುಡುಗನ ಭುಜ ತಾಗಿ ವಿಶ್ವೇಶ ಬಿದ್ದ. ಕಾಲರ್ ಬೋನ್ ಮುರಿಯಿತು. ಸರ್ ಅವನನ್ನು ಎತ್ತಿಕೊಂಡೇ ಆಸ್ಪತ್ರೆಗೆ ಓಡಿದರು.

ನೀರಜಾಕ್ಷಿ ಅಲ್ಲೇ ಕನ್ನಡ ಟೀಚರ್. ಪೂಜೆಯ ಮನೆತನ, ‘ಮುಟ್ಟಬೇಡ’ ಎಂಬುದು ನಾಲಿಗೆಗೆ ರೂಢಿಯಾದ ಮಾತು. ಅದನ್ನೇ ಮೈದಾನಕ್ಕೂ ಒಯ್ದರು. ನಾಲ್ಕು ಜನ ತಾಯಂದಿರನ್ನು ಕೂಡಿಸಿಕೊಂಡು ಹೆಡ್‌ಮಾಸ್ಟರರ ಮುಂದೆ ಕುಳಿತರು. ಮೈ ತಾಗಿಸುವ ಆಟ ನಿಂತಿತು.

ಮರುದಿನ ಕಜೆಟನ್ ಮನೆಗೆ ಬಂದು ಮೆಟ್ಟಿಲ ಕೆಳಗೇ ನಿಂತರು.

“ಮೂಳೆ ಸೇರ್ತದೆ ಟೀಚರ್. ಹೆದರಿಕೆ ಒಮ್ಮೆ ಒಳಗೆ ಹೋದ್ರೆ ತೆಗೀಲಿಕ್ಕೆ ಕಷ್ಟ. ಅವನ ಆಟ ಬಿಡಿಸಬೇಡಿ.”

“ನಿಮ್ಮ ಟೀಮಿನಲ್ಲಿ ಹನ್ನೊಂದು ಮಕ್ಕಳು ಸರ್. ನನಗೆ ಇರುವುದು ಒಬ್ಬನೇ.”

ಅವರು ಅಲ್ಲಿಂದಲೇ ತಿರುಗಿ ಹೋದರು. ಆಮೇಲೆ ಮಕ್ಕಳನ್ನು ದೂರ ದೂರ ನಿಲ್ಲಿಸಿ ಚೆಂಡು ಪಾಸ್ ಮಾಡಿಸಿದರು. ತಂಡ ಸೋತಿತು, ಮತ್ತೆ ಮತ್ತೆ ಸೋತಿತು. ಅಂಥ ಕೋಚ್ ಕೊನೆಗೆ ಸ್ಪೋರ್ಟ್ಸ್ ರೂಮಿನಲ್ಲಿ ಕೂತು ಕೇರಂ ಬೋರ್ಡ್ ಎತ್ತಿಕೊಡುತ್ತ ರಿಟೈರಾದರು.

*

ಇಗರ್ಜಿಗೆ ಇನ್ನೊಂದೇ ತಿರುವು ಉಳಿದಿತ್ತು. ಪೆಟ್ಟಿಗೆಯ ಮುಂದಿನ ಮೂಲೆಯನ್ನು ಹೊತ್ತಿದ್ದವನು ಅದೇ ಆಶಿಕ್.

“ಬಾ ಮಾರಾಯ, ಎಂತ ನೋಡುದು ನಿಂತು?” ಎಂದ. “ಜಾಗ ನಾನಾಗಿ ಬಿಡುದಿಲ್ಲ. ನೀನೇ ನುಗ್ಗು. ಸರ್ ಹಾಗೇ ಅಲ್ವಾ ಕಲಿಸಿದ್ದು?”

ವಿಶ್ವೇಶ ಒಂದು ಹೆಜ್ಜೆ ಇಟ್ಟ. ಪಕ್ಕದಿಂದ ಇನ್ನಾರೋ ಬಂದರು. ಅಷ್ಟರಲ್ಲಿ ಇವನ ಬಾಯಿಂದ ‘ಸಾರಿ’ ಹೊರಟಾಗಿತ್ತು.

“ಪರವಾಗಿಲ್ಲ ಅಮ್ಮ. ಇಗರ್ಜಿಯಲ್ಲಿ ಹೂ ಹಾಕ್ತೇನೆ,” ಎಂದು ನಕ್ಕ.

ಮಗ ಎಷ್ಟು ಸಾಧು ಎಂದು ನೀರಜಾಕ್ಷಿ ಇಷ್ಟು ವರ್ಷ ಹೆಮ್ಮೆಪಟ್ಟದ್ದು ಆ ನಗುವಿಗೇ. ಈಗ ಅದನ್ನು ನೋಡಲಾಗಲಿಲ್ಲ. ಇದು ನಾನೇ ಮಾಡಿದ್ದು ಎಂದುಕೊಂಡರು.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗಂಡಸರ ಗುಂಪಿನೊಳಗೆ ನಡೆದರು. ಬೆವರಿದ ಮೈಗಳು ತಾಗಿದವು, ಅವರು ಸರಿಯಲಿಲ್ಲ. ಮಗನ ಬೆನ್ನಿಗೆ ಎರಡೂ ಅಂಗೈ ಕೊಟ್ಟು, ಮೈಭಾರವನ್ನೆಲ್ಲ ಹಾಕಿ ದೂಡಿದರು. ವಿಶ್ವೇಶ ಮುಗ್ಗರಿಸಿ ಆಶಿಕ್‌ನ ಭುಜಕ್ಕೆ ಬಡಿದ. ಪೆಟ್ಟಿಗೆ ಒಮ್ಮೆ ಓಲಾಡಿತು. ಹಿಂದಿನಿಂದ ಯಾರೋ ಗದರಿದರು.

ಭಾರ ವಿಶ್ವೇಶನ ಹೆಗಲಿಗೆ ಬಂದು ನಿಂತಿತು. ಆಮೇಲೂ ನೀರಜಾಕ್ಷಿ ಕೈ ತೆಗೆಯಲಿಲ್ಲ. ಇಗರ್ಜಿಯ ಮೆಟ್ಟಿಲವರೆಗೂ ಅವನ ಬೆನ್ನನ್ನು ಹಾಗೇ ದೂಡುತ್ತ ನಡೆದರು.