ಒಣಹುಲ್ಲಿನ ಕಮಾನು

ನಾನು ಹೊಸದುರ್ಗದ ಡೆಕೋರೇಶನ್ ನಾಗಭೂಷಣ. ದುರ್ಗದ ಕೋಟೆಗೆ ಏಳು ಸುತ್ತಾದರೆ ನಾನು ಕಟ್ಟುವ ಹೂವಿನ ಮಂಟಪಕ್ಕೆ ಎಂಟು. ಹಿರಿಯೂರಿನ ಹೈವೇಯಲ್ಲಿ ನನ್ನ ಕಮಾನು ನೋಡಲೆಂದೇ ಬಸ್ಸುಗಳು ಬ್ರೇಕು ಹಾಕಿ, ಪುಣೆಯ ತನಕ ಸಾಲು ನಿಂತದ್ದುಂಟು. ಅಂಥ ನನ್ನ ಬುದ್ಧಿಯೂ ಕಲಸಿಹೋದದ್ದು ಶಿವಗಂಗಾಳ ಮದುವೆಯಲ್ಲಿ.

ಅವಳು ಹೊಳಲ್ಕೆರೆಯ ಕಾಳುಕಡಿ ವ್ಯಾಪಾರಿ ಪರಮೇಶ್ವರಪ್ಪನವರ ಮಗಳು. ಹುಡುಗ ಮಾರುತಿ, ಹಿರಿಯೂರಿನ ತೆಂಗಿನಕಾಯಿ ಮಂಡಿ ನಾಗಣ್ಣನ ಮಗ. ಜಾತಿ ಬೇರೆ, ದೇವರು ಬೇರೆ, ಸಾರಿಗೆ ಹಾಕುವ ಖಾರವೂ ಬೇರೆ. ಎರಡೂ ಮನೆಯವರು ಕೊನೆಗೆ ಒಪ್ಪಿದ್ದು ಒಂದೇ ಕರಾರಿನ ಮೇಲೆ. ಮದುವೆ ಇಬ್ಬರ ಊರಲ್ಲೂ ಬೇಡ, ಚಿತ್ರದುರ್ಗದ ಛತ್ರದಲ್ಲಾಗಲಿ. ಯಾರ ಕಡೆಯೂ ಗುಲಗಂಜಿಯಷ್ಟು ಮೇಲಾಗಬಾರದು.

ಶಿವಗಂಗಾ ನನ್ನ ಅಂಗಡಿಗೇ ಬಂದಳು. "ಅಣ್ಣ, ಕಮಾನು ನೋಡಿ ಇದು ಆ ಕಡೇರದು ಅಂತ ಅನ್ನಿಸ್ತು ಅಂದ್ರೆ ಅಪ್ಪಾಜಿ ಬಾಗಿಲಲ್ಲೇ ಗಾಡಿ ತಿರುಗಿಸ್ತಾರೆ. ಮಾವನೋರೂ ಅಷ್ಟೆ. ನನ್ನ ಮದುವೆ ನಿನ್ನ ಕೈಯಾಗೈತೆ" ಎಂದಳು.

ಮೊದಲು ಎಡಕ್ಕೆ ನಂದಿ, ಬಲಕ್ಕೆ ಹನುಮಂತ ಬರೆದೆ. ಹನುಮಂತ ಎತ್ತರವಾದ ಎಂದರು ಪರಮೇಶ್ವರಪ್ಪ. ನಂದಿ ದಪ್ಪವಾಯಿತು ಎಂದ ನಾಗಣ್ಣ. ಒಂದನ್ನು ಬೆಳೆಸಿ ಇನ್ನೊಂದನ್ನು ಬೆಳೆಸಿ, ಹನುಮಂತನ ಬಾಲ ಚಿಕ್ಕಜಾಜೂರಿನ ರೈಲ್ವೆ ಗೇಟು ದಾಟಿತು. ಸಾಕಾಗಿ ಇಬ್ಬರನ್ನೂ ಇಳಿಸಿದೆ. ಬಾಳೆಕಂಬವನ್ನೂ ತೆಗೆದೆ, ಅರಿಶಿನದ ಬಣ್ಣವನ್ನೂ ಅಳಿಸಿದೆ. ಈಗ ದೊಡ್ಡ ಪಟ್ಟಣಗಳ ಮದುವೆಗಳಲ್ಲಿ ಕಟ್ಟುತ್ತಾರಲ್ಲ, ಬೆತ್ತದ ಬಳೆಗಳು, ಪುಕ್ಕದಂಥ ಒಣಹುಲ್ಲು, ಎಲ್ಲವೂ ಹಾಲು ಹೆಚ್ಚಾದ ಚಹಾದ ಬಣ್ಣ, ಅದನ್ನೇ ಕಟ್ಟಿದೆ. ಇಂಥ ಡಿಸೈನು ಮೂರು ಲೋಕದಲ್ಲಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮದುವೆಯ ಬೆಳಿಗ್ಗೆ ಎರಡೂ ಕಡೆಯ ಬಸ್ಸು ಒಟ್ಟಿಗೇ ಬಂದವು. ಹೊಳಲ್ಕೆರೆಯವರು ಇಳಿದು ಕಮಾನನ್ನು ದಿಟ್ಟಿಸಿ, ಹುಲ್ಲು ಕಟ್ಟುವುದು ಹಿರಿಯೂರಿನವರ ಪದ್ಧತಿಯಿರಬೇಕು, ಹಾಗಿದ್ದರೆ ಅವರೇ ಬಂದು ಕರೆಯಲಿ ಎಂದು ಬೇವಿನ ಮರದ ಕೆಳಗೆ ನಿಂತರು. ಹಿರಿಯೂರಿನವರು ಅದು ಹೊಳಲ್ಕೆರೆಯವರ ಶಾಸ್ತ್ರವೆಂದು ತಿಳಿದು, ಕರೆಯುವ ತನಕ ಒಳಗೆ ಕಾಲಿಡುವುದಿಲ್ಲವೆಂದು ಎದುರಿನ ಗೋಡೆಗೆ ಒರಗಿದರು. ಬಸ್ಸುಗಳ ಇಂಜಿನ್ನು ಆರಿಸಬೇಡಿರೆಂದು ಎರಡೂ ಕಡೆಯಿಂದ ಅಪ್ಪಣೆಯಾಯಿತು. ಒಳಗೆ ಮುಹೂರ್ತ ಹತ್ತಿರವಾಯಿತೆಂದು ಪುರೋಹಿತರು ಖಾಲಿ ಕುರ್ಚಿಗಳಿಗೆ ಹೇಳುತ್ತಿದ್ದರು.

ನಾನು ಆ ಮರಕ್ಕೂ ಈ ಗೋಡೆಗೂ ಓಡಾಡಿದೆ. ಓಡಾಡಿದ ರಭಸಕ್ಕೆ ಡಾಂಬರು ಕರಗಿತು. ಇದು ಯಾರ ಪದ್ಧತಿಯೂ ಅಲ್ಲ, ನನ್ನ ಡಿಸೈನು ಎಂದು ಆಣೆ ಇಟ್ಟರೂ ಯಾರೂ ನಂಬಲಿಲ್ಲ.

ಮಾರುತಿಯ ತಾಯಿ ತಿಪ್ಪಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾರ ಮನೇದೂ ಅಲ್ಲದ್ದನ್ನ ಯಾರಾದ್ರೂ ಬಾಗಿಲಿಗೆ ಕಟ್ತಾರೇನಪ್ಪ?"

ನಾನು ತಿರುಗಿ ನನ್ನ ಕಮಾನನ್ನೇ ನೋಡಿದೆ. ಹೌದಲ್ಲ, ಯಾರದಿದು? ಕಟ್ಟಿದ ನನಗೇ ತಿಳಿಯಲಿಲ್ಲ.

ಬಸ್ಸೊಂದು ಹಿಂದಕ್ಕೆ ತಿರುಗತೊಡಗಿತು. ಅಷ್ಟರಲ್ಲಿ ಹಿಂದಿನ ರಾತ್ರಿಯೇ ಛತ್ರಕ್ಕೆ ಬಂದಿಳಿದಿದ್ದ ಶಿವಗಂಗಾ ಬಾಸಿಂಗ ಕಟ್ಟಿಕೊಂಡೇ ಹೊರಗೆ ಬಂದಳು, ಪಕ್ಕದಲ್ಲಿ ಮಾರುತಿ. ಅವನ ಕೈಯಲ್ಲಿ ಪನ್ನೀರುದಾನಿ, ಇವಳ ಕೈಯಲ್ಲಿ ಕಲ್ಲುಸಕ್ಕರೆ ತಟ್ಟೆ. ಇಬ್ಬರೂ ಕಮಾನಿನ ಕೆಳಗೆ ನಿಂತರು.

"ಅಪ್ಪಾಜಿ, ಮಾವ, ಇದು ನಮ್ಮಿಬ್ಬರ ಮನೇದು. ನೀವೆಲ್ಲ ನೆಂಟರು. ಬರ್ರಿ ಒಳಗೆ."

ಸ್ವಂತ ಮಗಳೇ ನೆಂಟರೆಂದಾಗ ಪರಮೇಶ್ವರಪ್ಪ ಏನು ಮಾಡಬೇಕೆಂದು ತಿಳಿಯದೆ ಬಸ್ಸಿನ ಕಡೆ ನೋಡಿದರು. ನಾಗಣ್ಣ ಚಪ್ಪಲಿ ಬಿಟ್ಟ. ಅವನು ಬಿಟ್ಟನೆಂದು ಇವರೂ ಬಿಟ್ಟರು. ಯಾತಕ್ಕೂ ಇರಲೆಂದು ತಿಪ್ಪಮ್ಮ ಹುಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅದನ್ನು ಕಂಡು ಪರಮೇಶ್ವರಪ್ಪನವರ ಹೆಂಡತಿ ಬಸಮ್ಮನೂ ಒತ್ತಿಕೊಂಡರು. ಹಿಂದಿದ್ದವರೆಲ್ಲ ಒತ್ತಿಕೊಂಡು ಒತ್ತಿಕೊಂಡು, ತಾಳಿ ಕಟ್ಟುವ ಹೊತ್ತಿಗೆ ಕಮಾನು ಬೋಳಾಗಿತ್ತು.

ಈಗ ಹಿರಿಯೂರಿನಲ್ಲಿ ನಾಗಣ್ಣನ ಮೊಮ್ಮಗುವಿನ ನಾಮಕರಣ. ಬೀಗರ ಪದ್ಧತಿ ತಪ್ಪಬಾರದು, ಒಣಹುಲ್ಲು ಬೇಕೇ ಬೇಕು ಎಂದು ಅವನು ಹೇಳಿಕಳಿಸಿದ್ದಾನೆ. ಬೀಗರ ಪದ್ಧತಿ ಮರೆಯಬೇಡ ಎಂದು ಪರಮೇಶ್ವರಪ್ಪನವರೂ ಫೋನು ಮಾಡಿದ್ದರು. ನಾನು ಇಬ್ಬರಿಗೂ ಹೂಂ ಎಂದೆ.