ಉಗುರು ಗೀಚಿದ ಮುಖ

ಗುಡ್ಡದ ಗುಡಿಯಲ್ಲಿದ್ದ ನರಕದ ಪಟದಲ್ಲಿ ಒಬ್ಬ ರಾಕ್ಷಸನ ಮುಖ ಮಾತ್ರ ವರ್ಷವರ್ಷವೂ ಹಾಳಾಗುತ್ತಿತ್ತು. ಸತ್ತ ಮಕ್ಕಳು ಹೊಳೆದಂಡೆಯಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಪುಣ್ಯ ಕಟ್ಟಿಕೊಳ್ಳುವಾಗ ಕಬ್ಬಿಣದ ದೊಣ್ಣೆಯಿಂದ ಕೆಡವುವವನು ಅವನೇ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಬಂದು ಉಗುರಿನಿಂದ ಅವನ ಕಣ್ಣು ಕೀಳುತ್ತಿದ್ದರು. ಚಿತ್ರಗಾರ ಗೆಂಪಾಚಿ ಅವನಿಗೆ ಮತ್ತೆ ಮುಖ ಬರೆಯುತ್ತಿದ್ದ. ಬರೆಯುವಾಗ, ಆ ವರ್ಷ ಸತ್ತ ಮಕ್ಕಳನ್ನೂ ಯಾರಿಗೂ ಹೇಳದೆ ಪಟದ ಕೆಳತುದಿಯಲ್ಲಿ, ಸತ್ತ ಮಕ್ಕಳನ್ನು ಕಾಯುವ ಜಿಜೋ ಬೋಧಿಸತ್ವನ ಪಕ್ಕದಲ್ಲಿ ಸೇರಿಸುತ್ತಿದ್ದ. ಮೊದಲು ಸೇರಿಸಿದ್ದು ಸಿಡುಬಿನಲ್ಲಿ ಹೋದ ತನ್ನ ಆರು ವರ್ಷದ ಮಗಳು ನುಯಿಯನ್ನು. ಅವಳ ಮುಖ ಈ ಲೋಕದಲ್ಲಿ ಉಳಿದಿದ್ದದ್ದು ಅಲ್ಲೊಂದೇ ಕಡೆ.

ಹೊಸ ಸರ್ಕಾರ ಬಂತು. ಬುದ್ಧನ ಗುಡಿಗಳನ್ನು ಕೆಡವಲು ಅದು ಅಪ್ಪಣೆ ಕೊಟ್ಟಿದೆಯೆಂದು ಊರೂರಲ್ಲಿ ಮಾತು ಹಬ್ಬಿತು. ಒಂದು ಬೆಳಿಗ್ಗೆ ಇದ್ದಿಲು ಸುಡುವ ಕಾಕುಜೋ ಹತ್ತು ಜನರೊಡನೆ ಕೊಡಲಿ ಹಿಡಿದು ಬಂದ. ವಿಗ್ರಹಗಳ ತಲೆಗಳು ಅಂಗಳಕ್ಕೆ ಉರುಳಿದವು. ಅಡ್ಡ ಬಂದ ಮುದಿ ಗುರುಗಳ ಹಲ್ಲು ಉದುರಿಸಿದರು. ಅಂಗಳದ ನಡುವೆ ಬೆಂಕಿ ಹಚ್ಚಿದರು. ಪಟವನ್ನು ಎಳೆದಾಗ ಗೆಂಪಾಚಿ ಅದನ್ನು ಅಪ್ಪಿ ಹಿಡಿದ.

"ಬಿಡೋ ಮಾರಾಯ. ನಿನ್ನ ದೆವ್ವಕ್ಕೆ ಚಳಿ ಅಂತೆ, ಸ್ವಲ್ಪ ಮೈ ಕಾಯಿಸ್ಕೊಳ್ಲಿ," ಎಂದು ಕಾಕುಜೋ ನಕ್ಕ.

"ದೆವ್ವಾನ ನೀನೇ ಇಟ್ಕೋ. ಕೆಳಗಿಂದ ಒಂದು ಗೇಣು ಹರ್ಕೊಳ್ತೀನಿ, ಅಷ್ಟೇ."

ಕಾಕುಜೋ ಕೊಡಲಿಯ ಹಿಂಬದಿಯಿಂದ ಅವನ ಬಲಗೈ ಬೆರಳುಗಳನ್ನು ಜಜ್ಜಿದ. ಪಟ ಬೆಂಕಿಗೆ ಬಿತ್ತು. ಗೆಂಪಾಚಿ ಎಡಗೈಗೆ ಸಿಕ್ಕ ಕಬ್ಬಿಣದ ಸರಳನ್ನೆತ್ತಿ ಕಾಕುಜೋನ ಮಂಡಿಗೆ ಬಾರಿಸಿದ. ಮೂಳೆ ಮುರಿದ ಸದ್ದು ಕೇಳಿಸಿತು. ಬಿದ್ದವನ ತಲೆಗೆ ಎರಡನೆಯ ಏಟು ಹಾಕಲು ಸರಳೆತ್ತಿದ್ದ. ಅಷ್ಟರಲ್ಲಿ ಕಾಕುಜೋನ ಹೆಂಡತಿ ಓತಾಕಿ ಓಡಿ ಬಂದು ಗೆಂಪಾಚಿಯ ಮುಖವನ್ನು ಹಣೆಯಿಂದ ಗದ್ದದವರೆಗೆ ಪರಚಿದಳು. ಹೋದ ವರ್ಷ ಅವಳ ಮಗ ಸತ್ತ ಮೇಲೆ ರಾಕ್ಷಸನ ಮುಖದಲ್ಲಿ ಗೆಂಪಾಚಿ ತಿದ್ದಿದ್ದ ಗೀರುಗಳೂ ಹೀಗೇ ಇದ್ದವು. ಸರಳು ಕೈಯಿಂದ ಜಾರಿತು.

"ಓತಾಕಿ, ನಿನ್ನ ಮಗ ಅದರಲ್ಲಿದಾನಮ್ಮ. ನನ್ನ ನುಯಿ ಕೈ ಹಿಡ್ಕೊಂಡು ನಿಂತಿದಾನೆ."

"ಸುಳ್ಳು ಹೇಳ್ಬೇಡ."

"ಕಿವಿ ಹತ್ರ ಮಚ್ಚೆ ಇತ್ತಲ್ಲ. ಅದನ್ನೂ ಬರ್ದಿದೀನಿ."

ಅವಳು ಬೆಂಕಿಯೊಳಕ್ಕೆ ಕೈ ಹಾಕಿದಳು. ಹೊರಗೆ ತೆಗೆದಾಗ ಚರ್ಮ ಸುಲಿದು ನೇತಾಡುತ್ತಿತ್ತು. ಹಿಡಿಯಲ್ಲಿ ಅಂಗೈಯಗಲದ ಚೂರಿತ್ತು. ಅದರಲ್ಲಿ ಮಚ್ಚೆಯ ಹುಡುಗನಿದ್ದ. ಅವನ ಕೈಯೊಳಗೆ ಇನ್ನೊಂದು ಪುಟ್ಟ ಕೈ, ಮಣಿಕಟ್ಟಿನವರೆಗೆ. ಅಲ್ಲಿಂದಾಚೆ ಸುಟ್ಟು ಬರೀ ಕರಿ.

"ಇದು ನಿನ್ ಮಗಳದಾ ಅಣ್ಣ?"

"ಹೂಂ."

"ಹರ್ಕೋ. ನಿಂದು ನೀನು ತಗೋ."

ಗೆಂಪಾಚಿ ರಕ್ತ ತುಂಬಿದ ಕಣ್ಣು ಒರೆಸಿಕೊಂಡು ಆ ಎರಡು ಪುಟ್ಟ ಕೈಗಳನ್ನು ನೋಡಿದ.

"ಬೇಡಮ್ಮ," ಎಂದ. "ಹಿಡ್ಕೊಂಡಿದಾವಲ್ಲ. ಬಿಡಿಸ್ಬೇಡ."